ಡಕೋಟ ಬಯಲಿನ ಹಿಮಮಾರುತವೂ ಒಂದು ಹವಾಸೂಚನೆಯೂ

ಹಿಮವೆಂಬುದು ಕನ್ನಡಿಗರಿಗೆ ಬಹುಮಟ್ಟಿಗೆ ಕಾವ್ಯದಲ್ಲಿಯೇ ಕಾಣದೊರೆಯುವ ವಸ್ತು. ಅಷ್ಟಾದಶವರ್ಣನೆಗಳಲ್ಲಿ ಋತುವರ್ಣನೆಯೂ ಸೇರಿರುವುದರಿಂದ ನಮ್ಮ ಪೂರ್ವಕವಿಗಳು ಹೇಮಂತಶಿಶಿರಗಳನ್ನು ಬಿಟ್ಟವರಲ್ಲ. ಆದರೂ ಹಿಮಾಲಯಕ್ಕೆ ಹೋಗಿಬಂದ ಯಾತ್ರಿಕರನ್ನುಳಿದು ಮಿಕ್ಕವರಿಗೆ ತುಹಿನ, ನೀಹಾರ, ಪ್ರಾಲೇಯ ಎಂಬುವು ನಿಘಂಟಿನ ಮಾತುಗಳಾಗಿಯೇ ನಿಂತಿವೆ. ಆಡುನುಡಿಯಲ್ಲಿ "ಮಂಜು" ಎಂಬ ಒಂದೇ ಮಾತು ಮಾಗಿಯ ಬೆಳಗಿನ ಕಾವಳಕ್ಕೂ, ಮಡಿಕೇರಿಯ ಬೆಟ್ಟಗಳನ್ನು ಮುಸುಕುವ ಮೋಡಕ್ಕೂ, ಪೇಟೆಯಲ್ಲಿ ಮಾರುವ ಗಡ್ಡೆಗೂ ಸಲ್ಲುತ್ತಿರುವುದಷ್ಟೆ. ಯಾವ ವಸ್ತುವಿನಿಂದ ಪ್ರಾಣಭಯವಿಲ್ಲವೋ ಆ ವಸ್ತುವಿಗೆ ಬೇರೆಬೇರೆ ಹೆಸರುಗಳನ್ನಿಡುವ ಶ್ರಮವನ್ನು ಜನರು ವಹಿಸುವುದಿಲ್ಲವೆಂದು ತೋರುತ್ತದೆ.

ಉತ್ತರ ಅಮೇರಿಕದ ಬಯಲುನಾಡಿನವರಿಗಾದರೋ ಈ ಶ್ರಮ ತಪ್ಪಲಿಲ್ಲ. "ಬ್ಲಿಜರ್ಡ್" ಎಂಬ ಶಬ್ದಕ್ಕೆ ಅಲ್ಲಿ ಮೊದಲು ಇದ್ದ ಅರ್ಥ ಬಲವಾದ ಏಟು, ಅಥವಾ ಒಮ್ಮೆಗೇ ಹಾರಿಸಿದ ಬಂದೂಕುಗಳ ಸುರಿಮಳೆ ಎಂಬುದು. 1870ರ ಸುಮಾರಿನಲ್ಲಿ ಅಯೋವ ಪ್ರಾಂತದ ವೃತ್ತಪತ್ರಿಕೆಗಳು ಗಾಳಿ, ಹಿಮ, ಶೈತ್ಯ ಈ ಮೂರೂ ಕೂಡಿ ಎರಗುವ ಮಾರುತಕ್ಕೆ ಈ ಹೆಸರನ್ನು ಕೊಟ್ಟುವು; ಇಪ್ಪತ್ತು ವರ್ಷ ತುಂಬುವುದರೊಳಗೆ ಅದು ದೇಶವೆಲ್ಲಕ್ಕೂ ಪರಿಚಿತವಾಯಿತು. ಹಾಗಾಗುವುದಕ್ಕೆ ಕಾರಣವಾದ ಮಾರುತಗಳಲ್ಲಿ 1888ನೆಯ ಇಸವಿ ಜನವರಿ 12ನೆಯ ತಾರೀಖು ಗುರುವಾರದ ಮಾರುತವು ಮುಖ್ಯವಾದುದು. ಅದಕ್ಕೆ "ಶಾಲೆಯ ಮಕ್ಕಳ ಹಿಮಮಾರುತ" ಎಂದೇ ಆ ನಾಡಿನಲ್ಲಿ ಹೆಸರು. ಅದನ್ನು ಕುರಿತು ಅದರ ಹಿಂದಿನ ರಾತ್ರಿಯೇ ಒಂದು ಹವಾಸೂಚನೆ ಹೊರಟಿತ್ತು. ಆ ಸೂಚನೆಯ ಚರಿತ್ರೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಮುಂದಿನ ಹವೆಯನ್ನು ಇಂದೇ ಹೇಳುವ ಹಂಬಲ ಎಲ್ಲ ಜನಾಂಗಗಳಲ್ಲಿಯೂ ಹಳೆಯದು. ನಮ್ಮ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮೇಘಗಳ ಗರ್ಭಲಕ್ಷಣವನ್ನು ವಿವರಿಸಿ, ಚಳಿಗಾಲದಲ್ಲಿ ಕಟ್ಟಿದ ಗರ್ಭವು 195 ದಿನಗಳಿಗೆ ಮಳೆಯಾಗಿ ಪ್ರಸವಿಸುವುದೆಂದು ಎಣಿಕೆ ಹಾಕಿದನು. ಯುಗಾದಿಯ ದಿನ ಪಂಚಾಂಗಶ್ರವಣದಲ್ಲಿ ಮಳೆಯ ಫಲವನ್ನು ನಾವೆಲ್ಲರೂ ಕೇಳಿದವರೇ. ಆದರೆ ನಾಳೆ ಬರುವ ಗಾಳಿಯನ್ನು ಇಂದೇ ಹೇಳಬೇಕಾದರೆ ಆ ಗಾಳಿಗಿಂತ ವೇಗವಾಗಿ ಓಡುವ ದೂತನೊಬ್ಬನು ಬೇಕು. ಅಂತಹ ದೂತನು ತಂತಿಯ ರೂಪದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ದೊರೆತನು. ವಾಷಿಂಗ್ಟನ್ ನಗರದ ಸ್ಮಿತ್‌ಸೋನಿಯನ್ ಸಂಸ್ಥೆಯ ಜೋಸೆಫ್ ಹೆನ್ರಿಯು 1849ರಿಂದ ತಂತಿಯ ಮೂಲಕ ಹವೆಯ ವರ್ತಮಾನಗಳನ್ನು ತರಿಸತೊಡಗಿದನು. ಅಂತರ್ಯುದ್ಧವು ಬಂದು ಆ ಕೆಲಸ ಕೆಟ್ಟಿತು. 1869ರಲ್ಲಿ ಸಿನ್ಸಿನಾಟಿಯ ವೇಧಶಾಲೆಯಲ್ಲಿದ್ದ ಕ್ಲೀವ್ಲೆಂಡ್ ಆಬಿ ಎಂಬ ಖಗೋಳಶಾಸ್ತ್ರಜ್ಞನು ಮತ್ತೆ ಅದನ್ನು ಹಿಡಿದನು. ಮಿಲ್ವಾಕಿಯ ಇಂಕ್ರೀಸ್ ಲ್ಯಾಪಮ್ ಎಂಬುವನು ಮಹಾಸರೋವರಗಳಲ್ಲಿ ಬಿರುಗಾಳಿಯಿಂದ ಮುಳುಗಿದ ಹಡಗುಗಳ ಲೆಕ್ಕವನ್ನು ಶಾಸನಸಭೆಯ ಮುಂದಿಡಿಸಿದನು. 1870ರ ಫೆಬ್ರವರಿ 9ರಂದು ರಾಷ್ಟ್ರಾಧ್ಯಕ್ಷ ಗ್ರಾಂಟನು ಸಹಿ ಮಾಡಿದ ನಿರ್ಣಯದಂತೆ ಸರ್ಕಾರವೇ ಈ ಕಾರ್ಯವನ್ನು ವಹಿಸಿಕೊಂಡಿತು. ಅದೇ ವರ್ಷದ ನವೆಂಬರ್ 1ರಂದು 24 ಠಾಣ್ಯಗಳಿಂದ ಒಂದೇ ಕಾಲಕ್ಕೆ ಮಾಡಿದ ಅವಲೋಕನೆಗಳು ತಂತಿಯಲ್ಲಿ ಹರಿದುಬಂದುವು.

ಇಲ್ಲೊಂದು ವಿಶೇಷವನ್ನು ಗಮನಿಸಬೇಕು. ಈ ಕೆಲಸ ವಿದ್ವಾಂಸರ ಕೈಗೆ ಹೋಗಲಿಲ್ಲ. ದಂಡಿನ ಸಂಕೇತದಳಕ್ಕೆ ಹೋಯಿತು. ತಂತಿಗಳು ಆ ದಳದ ಕೈಯಲ್ಲಿದ್ದುವು. ಹೊತ್ತು ತಪ್ಪದೆ ಯಂತ್ರಗಳನ್ನು ನೋಡಿ ಬರೆಯುವುದಕ್ಕೆ ಸಿಪಾಯಿಯ ಶಿಸ್ತೇ ತಕ್ಕುದೆಂದು ಆಗಿನವರು ಎಣಿಸಿದರು. ದಳದವರು ಪ್ರಕಟಿಸುತ್ತಿದ್ದ ಮಾತಿಗೆ ಮೊದಲು "ಸಂಭವಗಳು" ಎಂದು ಹೆಸರಿತ್ತು. 1876ರಿಂದ "ಸೂಚನೆಗಳು" ಎಂದಾಯಿತು. "ಮುನ್ನುಡಿ" ಎಂಬರ್ಥದ ಧೀರವಾದ ಶಬ್ದವನ್ನು ಬಳಸುವ ಧೈರ್ಯ 1889ರ ವರೆಗೆ ಬರಲಿಲ್ಲ. ಈ ಹಿಂಜರಿಕೆಯನ್ನು ನಾನು ದೋಷವೆಂದು ಎಣಿಸುವುದಿಲ್ಲ. ನಾಳಿನ ಮಾತನ್ನಾಡುವವನಿಗೆ ಅಷ್ಟು ಸಂಕೋಚವಿದ್ದರೆ ಒಳ್ಳೆಯದೇ.

ಇನ್ನು ಬಯಲಿನ ಮಾತು. 1862ರಲ್ಲಿ ಲಿಂಕನ್ನನು ಒಪ್ಪಿಗೆ ಕೊಟ್ಟ ಶಾಸನದ ಪ್ರಕಾರ, ಐದು ವರ್ಷ ನೆಲೆನಿಂತು ಉತ್ತವನಿಗೆ 160 ಎಕರೆ ಭೂಮಿಯು ಬಹುಮಟ್ಟಿಗೆ ಉಚಿತವಾಗಿಯೇ ದೊರೆಯುತ್ತಿತ್ತು. ಆ ಭೂಮಿಯಲ್ಲಿ ಬಹುಪಾಲು ಅಲ್ಲಿನ ಮೂಲನಿವಾಸಿಗಳಿಂದ ಬಲಾತ್ಕಾರದಿಂದಲೋ ಒಪ್ಪಂದವೆಂಬ ನೆಪದಿಂದಲೋ ಪಡೆದುದೆಂಬುದನ್ನು ಮರೆಯತಕ್ಕುದಲ್ಲ. ರೈಲ್ವೆ ಕಂಪೆನಿಗಳು ಯೂರೋಪಿನ ಹಳ್ಳಿಹಳ್ಳಿಗಳಲ್ಲಿ ಕರಪತ್ರಗಳನ್ನು ಹಂಚಿದುವು. ನೇಗಿಲು ಹೋದೆಡೆ ಮಳೆಯೂ ಹಿಂಬಾಲಿಸುವುದೆಂದು ಹೇಳುವ ಪಂಡಿತರೂ ಆಗ ಇದ್ದರು! ನಾರ್ವೆ, ಸ್ವೀಡನ್, ಜರ್ಮನಿಗಳಿಂದಲೂ, ರಷ್ಯದಲ್ಲಿ ನೆಲೆಸಿದ್ದ ಜರ್ಮನ್ ಮೆನೊನೈಟರಿಂದಲೂ ಕುಟುಂಬಗಳು ಬಂದು ಡಕೋಟ, ನೆಬ್ರಾಸ್ಕ, ಮಿನೆಸೋಟಗಳಲ್ಲಿ ಇಳಿದುವು. ಮರವಿಲ್ಲದ ನೆಲ, ಆದುದರಿಂದ ಹುಲ್ಲುಬೇರು ಹೆಣೆದ ಮಣ್ಣಿನ ಹೆಂಟೆಗಳನ್ನು ಇಟ್ಟಿಗೆಯಂತೆ ಕೊಯ್ದು ಮನೆ ಕಟ್ಟಿದರು. ಹುಲ್ಲನ್ನು ಹೊಸೆದು ಒಲೆಗೆ ಹಾಕಿದರು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಬೇಲಿಯಿಲ್ಲ, ಗಿಡವಿಲ್ಲ, ಗುರುತಿಗೆ ಒಂದು ಬಂಡೆಯೂ ಇಲ್ಲ. ಹೀಗಿದ್ದರೂ ಅವರು ಮೊದಲು ಎತ್ತಿದ ಕಟ್ಟಡಗಳಲ್ಲಿ ಶಾಲೆಯೊಂದು. ಒಂದೇ ಕೋಣೆ, ಒಂದು ಒಲೆ, ಇನ್ನೂ ಹರೆಯದ ಹುಡುಗಿಯೊಬ್ಬಳು ಉಪಾಧ್ಯಾಯಿನಿ. ಮಕ್ಕಳು ಒಂದೆರಡು ಮೈಲಿ ನಡೆದು ಬರುತ್ತಿದ್ದರು.

ಇಷ್ಟು ದೂರದ ಬಯಲಿಗೆ ವಾಷಿಂಗ್ಟನ್ನಿನಿಂದ ಸೂಚನೆ ಬರುವುದು ತಡವಾಗುತ್ತಿತ್ತಾದ ಕಾರಣ, ಮಿನೆಸೋಟದ ಸೇಂಟ್ ಪಾಲ್ ನಗರದಲ್ಲಿಯೇ ಆ ಪ್ರಾಂತಕ್ಕೆಂದು ಒಂದು ಸೂಚನಾಕಚೇರಿಯನ್ನು 1887ರ ಶರತ್ಕಾಲದಲ್ಲಿ ತೆರೆಯಲಾಯಿತು. ಅದರ ಅಧಿಕಾರಿ ಐದನೆಯ ಪದಾತಿದಳದ ಲೆಫ್ಟಿನೆಂಟ್ ಥಾಮಸ್ ವುಡ್ರಫ್. ಆತನ ಮೇಲಧಿಕಾರಿಯಾಗಿ ವಾಷಿಂಗ್ಟನ್ನಿನಲ್ಲಿದ್ದವನು ಜನರಲ್ ಅಡಾಲ್ಫಸ್ ಗ್ರೀಲಿ. ಈ ಗ್ರೀಲಿಯ ಪೂರ್ವವೃತ್ತಾಂತವನ್ನು ಇಲ್ಲಿ ಹೇಳದಿರಲಾರೆ. 1881ರಲ್ಲಿ ಉತ್ತರಧ್ರುವದ ಸಮೀಪಕ್ಕೆ ಹವೆಯನ್ನು ಅಳೆಯಲೆಂದು 25 ಮಂದಿಯ ತಂಡವನ್ನು ಕರೆದುಕೊಂಡು ಹೋಗಿ, ಪರಿಹಾರದ ಹಡಗು ಬಾರದೆ ಹಿಮದಲ್ಲಿ ಸಿಕ್ಕಿಬಿದ್ದು, 1884ರಲ್ಲಿ ಏಳು ಮಂದಿಯಲ್ಲಿ ಒಬ್ಬನಾಗಿ ಉಳಿದು ಹಿಂದಿರುಗಿದವನು. ಆ ಏಳರಲ್ಲಿಯೂ ಒಬ್ಬನು ಬೇಗನೆ ತೀರಿಕೊಂಡನು. ಹಿಮವು ಮನುಷ್ಯನಿಗೆ ಏನು ಮಾಡಬಲ್ಲುದೆಂಬುದನ್ನು ತಿಳಿಯಲು ಈತನಿಗೆ ಪುಸ್ತಕ ಬೇಕಿರಲಿಲ್ಲ.

ಕೆಲಸ ನಡೆಯುತ್ತಿದ್ದ ಬಗೆ ಹೀಗೆ. ದಿನಕ್ಕೆ ಮೂರಾವರ್ತಿ ಎಲ್ಲ ಠಾಣ್ಯಗಳಲ್ಲಿಯೂ ಒಂದೇ ಕ್ಷಣಕ್ಕೆ ವಾಯುಭಾರ, ಉಷ್ಣಮಾನ, ಗಾಳಿಯ ದಿಕ್ಕು ವೇಗಗಳನ್ನು ನೋಡಿ ಗುಪ್ತಲಿಪಿಯಲ್ಲಿ ತಂತಿ ಕಳುಹಿಸುವರು. ಅಧಿಕಾರಿಯು ಅವನ್ನು ನಕ್ಷೆಯ ಮೇಲೆ ಗುರುತಿಸಿ, ಸಮಭಾರದ ಗೆರೆಗಳನ್ನೆಳೆದು, ವಾಯುಭಾರ ಕಡಿಮೆಯಾದ ಸುಳಿ ಎತ್ತ ಸಾಗುವುದೆಂದು ಊಹಿಸುವನು. ಸಾಮಾನ್ಯವಾಗಿ ಸುಳಿಯ ಮುಂದೆ ತೆಂಕಣ ಗಾಳಿ, ಬೆಚ್ಚನೆಯ ಹವೆ. ಅದು ದಾಟಿದ ಮೇಲೆ ಬಡಗಣ ಗಾಳಿ, ಶೈತ್ಯ. ಊಹಿಸಿದುದನ್ನು ಪತ್ರಿಕೆಗಳಿಗೂ ರೈಲ್ವೆಯವರಿಗೂ ತಂತಿಯಿಂದ ತಿಳಿಸುವರು. ಶೈತ್ಯವು ಹಠಾತ್ತಾಗಿ ಎರಗುವ ಸಂಭವವಿದ್ದರೆ, ನಡುವೆ ಕಪ್ಪು ಚೌಕವುಳ್ಳ ಒಂದು ಬಿಳಿಯ ಬಾವುಟವನ್ನು ಏರಿಸುವಂತೆ ಠಾಣ್ಯಗಳಿಗೆ ಆಜ್ಞೆ ಹೋಗುವುದು.

1888ರ ಜನವರಿ ಮೊದಲ ವಾರದಲ್ಲಿ ಬಯಲಿನ ಮೇಲೆ ಹಿಮ ಬಿದ್ದು ಆ ಮೇಲೆ ಕಡುಚಳಿ ಹಿಡಿದಿತ್ತು. 11ನೆಯ ತಾರೀಖಿನ ರಾತ್ರಿಯ ತಂತಿಗಳನ್ನು ವುಡ್ರಫನು ನಕ್ಷೆಗೆ ಇಳಿಸಿದಾಗ, ಒಂದು ಸುಳಿ ನೈಋತ್ಯದಿಂದ ಎದ್ದು ಬರುತ್ತಿರುವುದೂ, ಅದರ ಬೆನ್ನಿಗೆ ಮೊಂಟಾನದ ಕಡೆ ಶೀತಲವಾಯು ಇಳಿಯುತ್ತಿರುವುದೂ ಕಂಡುಬಂದುವು. ಆತನು ಅರ್ಧರಾತ್ರಿಯಲ್ಲಿ ಬರೆದ ಸೂಚನೆಯ ಸಾರಾಂಶವಿದು: ಮಿನೆಸೋಟದಲ್ಲಿಯೂ ಡಕೋಟದಲ್ಲಿಯೂ ಹಿಮ ಬೀಳುವುದು, ಮೊದಲು ಹವೆ ಬೆಚ್ಚಗಾಗುವುದು, ಬಳಿಕ ಗಾಳಿ ಬಡಗಣಕ್ಕೆ ತಿರುಗಿ ಬಲವಾಗಿ ಬೀಸಿ ಶೈತ್ಯ ಹೆಚ್ಚುವುದು, ಹಿಮವು ರಾಶಿರಾಶಿಯಾಗಿ ತೂರಿಹೋಗುವುದು. ಶೀತದ ಬಾವುಟವನ್ನು ಮಾತ್ರ ಆತನು ರಾತ್ರಿಯಲ್ಲಿ ಏರಿಸಲು ಹೇಳಲಿಲ್ಲ. ಬೆಳಗಿನ ತಂತಿಗಳನ್ನು ನೋಡಿ ಆಜ್ಞೆ ಮಾಡುವ ವೇಳೆಗೆ ಮಾರುತವು ಡಕೋಟದ ಪಶ್ಚಿಮಭಾಗವನ್ನು ಆಗಲೇ ತುಳಿಯುತ್ತಿತ್ತು.

ಗುರುವಾರದ ಬೆಳಗು ಹಿತವಾಗಿ ಮೂಡಿತು. ಕೆಲವೆಡೆ ಹಿಮ ಕರಗಿ ಸೂರಿನಿಂದ ಹನಿಯುತ್ತಿತ್ತು. ವಾರದ ಚಳಿಯಿಂದ ಮನೆಯೊಳಗೇ ಕೊಳೆತಿದ್ದ ಜನ ಹೊರಗೆ ಬಂದರು. ಗಂಡಸರು ದೂರದ ಮೆದೆಗಳಿಂದ ಹುಲ್ಲು ತರಲು ಹೋದರು. ದನಗಳನ್ನು ಹೊರಕ್ಕೆ ಬಿಟ್ಟರು. ಹಲವು ದಿನ ಶಾಲೆ ತಪ್ಪಿಸಿಕೊಂಡಿದ್ದ ಮಕ್ಕಳು ದಪ್ಪ ಕೋಟು ಕೈಚೀಲಗಳನ್ನು ಮನೆಯಲ್ಲಿ ಬಿಟ್ಟು ನಲಿಯುತ್ತ ಹೊರಟರು. ಮಾರುತದ ಕ್ರೌರ್ಯವೆಲ್ಲವೂ ಈ ಹಿತವಾದ ಬೆಳಗಿನಲ್ಲಿಯೇ ಅಡಗಿತ್ತೆಂದು ಹೇಳಬೇಕು. ಚಳಿಯೊಂದೇ ಬಂದಿದ್ದರೆ ಅವರು ಒಲೆಯ ಬಳಿಯಿಂದ ಏಳುತ್ತಿರಲಿಲ್ಲ. ವಾಯವ್ಯದಲ್ಲಿ ನೆಲಕ್ಕೆ ಹತ್ತಿಕೊಂಡಂತೆ ಕಪ್ಪು ಗೋಡೆಯೊಂದು ಎದ್ದಿತು. ನೋಡಿದವರು ಆಕಾಶವನ್ನು ಮತ್ತೊಮ್ಮೆ ನೋಡುವಷ್ಟರಲ್ಲಿ ಅದು ಮೇಲೆ ಬಿದ್ದಿತ್ತು. ಪೂರ್ವ ಡಕೋಟ, ನೆಬ್ರಾಸ್ಕಗಳಲ್ಲಿ ಅದು ಮಧ್ಯಾಹ್ನದ ಹೊತ್ತಿಗೆ, ಶಾಲೆ ನಡೆಯುತ್ತಿರುವಾಗಲೋ ಬಿಡುವ ವೇಳೆಗೋ ಬಂದಿತು. ಹಿಮವೆಂದರೆ ಹೂವಿನೆಸಳಿನಂತೆ ಇಳಿಯುವ ಹಿಮವಲ್ಲ. ಗಾಳಿಯಲ್ಲಿ ಅರೆದು ಹಿಟ್ಟಾದ ಹಿಮ. ಅದು ಕಣ್ಣಿನ ರೆಪ್ಪೆಗಳನ್ನು ಅಂಟಿಸಿ, ಮೂಗಿಗೆ ತುಂಬಿ, ನೇಯ್ಗೆಯ ಎಳೆಎಳೆಯೊಳಕ್ಕೂ ನುಗ್ಗಿತು. ಚಾಚಿದ ಕೈ ಕಾಣುತ್ತಿರಲಿಲ್ಲ. ಮರುದಿನ ಬೆಳಗಾಗುವಾಗ ಅನೇಕ ಎಡೆಗಳಲ್ಲಿ ಉಷ್ಣಮಾನವು ಫಾರನ್‌ಹೀಟ್ ಶೂನ್ಯಕ್ಕಿಂತಲೂ 20 ಡಿಗ್ರಿಗೂ ಕೆಳಕ್ಕೆ ಇಳಿದಿತ್ತು.

ಆ ಹೊತ್ತಿನಲ್ಲಿ ಪ್ರತಿಯೊಂದು ಶಾಲೆಯ ಉಪಾಧ್ಯಾಯಿನಿಯೂ ಒಂದೇ ಪ್ರಶ್ನೆಯನ್ನು ಎದುರಿಸಬೇಕಾಯಿತು: ಮಕ್ಕಳನ್ನು ಉಳಿಸಿಕೊಳ್ಳುವುದೋ, ಕಳುಹಿಸುವುದೋ? ಉರುವಲು ಇದ್ದಲ್ಲಿ ಉಳಿಸಿಕೊಂಡವರು ಬಹುಮಟ್ಟಿಗೆ ಬದುಕಿದರು. ನೆಬ್ರಾಸ್ಕದ ಮೈರಾ ಕಣಿವೆಯಲ್ಲಿ ಮಿನಿ ಫ್ರೀಮನ್ ಎಂಬಾಕೆಯ ಮಣ್ಣಹೆಂಟೆಯ ಶಾಲೆಯ ಮಾಡನ್ನು ಗಾಳಿ ಕಿತ್ತುಹಾಕಿತು. ಉಳಿಯುವ ಮಾತೇ ಇಲ್ಲದಾಗಿ ಆಕೆ ಮಕ್ಕಳನ್ನೆಲ್ಲ ಒಟ್ಟುಗೂಡಿಸಿಕೊಂಡು ಹೊರಬಿದ್ದು, ದೂರದ ಒಂದು ಒಕ್ಕಲಮನೆಯನ್ನು ಸೇರಿ ಒಬ್ಬರನ್ನೂ ಕಳೆಯದೆ ಕಾಪಾಡಿದಳು. ಮಕ್ಕಳು ಹದಿಮೂವರೋ ಹದಿನೇಳೋ ಎಂಬಲ್ಲಿ ಹೇಳಿಕೆಗಳು ಭಿನ್ನವಾಗಿವೆ. ಎಲ್ಲರನ್ನೂ ಒಂದು ಹಗ್ಗಕ್ಕೆ ಕಟ್ಟಿದ್ದಳೆಂಬ ಪ್ರಸಿದ್ಧವಾದ ಮಾತಿನಲ್ಲಿಯೂ ಏಕವಾಕ್ಯತೆಯಿಲ್ಲ. ಪತ್ರಿಕೆಗಳು ಆಕೆಯನ್ನು ಹಾಡಿ ಹೊಗಳಿದುವು. ಆಕೆಯ ಮೇಲೆ ಅದೇ ವರ್ಷ ಒಂದು ಗೀತವೂ ಅಚ್ಚಾಗಿ ಮಾರಾಟವಾಯಿತು. ಕಂಡರಿಯದ ಗಂಡಸರು ಕಾಗದದ ಮೂಲಕ ಮದುವೆಯ ಪ್ರಸ್ತಾಪಗಳನ್ನೂ ಕಳುಹಿಸಿದರಂತೆ. ಲಿಂಕನ್ ನಗರದಲ್ಲಿರುವ ನೆಬ್ರಾಸ್ಕದ ರಾಜ್ಯಭವನದಲ್ಲಿ ಈ ಸಂಗತಿಯನ್ನು ಬಣ್ಣದ ಗಾಜಿನ ತುಣುಕುಗಳಿಂದ ರಚಿಸಿದ ಭಿತ್ತಿಚಿತ್ರವೊಂದನ್ನು 1967ರಲ್ಲಿ ನಿಲ್ಲಿಸಿದ್ದಾರೆ.

ಚಿತ್ರವಿಲ್ಲದ ಉಪಾಧ್ಯಾಯಿನಿಯರ ಕಥೆ ಬೇರೆ. ಪ್ಲೇನ್‌ವ್ಯೂ ಎಂಬ ಊರಿನ ಬಳಿ ಲೋಯಿಸ್ ರಾಯ್ಸ್ ಎಂಬಾಕೆಯೊಡನೆ ಮೂವರು ಚಿಕ್ಕ ಮಕ್ಕಳು ಶಾಲೆಯಲ್ಲಿ ಉಳಿದಿದ್ದರು. ಉರುವಲು ತೀರಿತು. ಆಕೆಯ ಬಿಡಾರವು ಕೂಗಳತೆಯಲ್ಲಿತ್ತು. ಕೈಹಿಡಿದುಕೊಂಡು ಹೊರಟರು, ಮನೆ ಸಿಕ್ಕಲಿಲ್ಲ. ರಾತ್ರಿಯೆಲ್ಲ ಮೂವರನ್ನೂ ತನ್ನ ಉಡುಪಿನೊಳಗೆ ಅವುಚಿಕೊಂಡು ಬಯಲಿನಲ್ಲಿ ಮಲಗಿದಳು. ಒಬ್ಬರಾದ ಮೇಲೊಬ್ಬರು ಮಕ್ಕಳು ಮೂವರೂ ಅವಳ ತೋಳಿನಲ್ಲಿಯೇ ತೀರಿಕೊಂಡರು. ಬೆಳಗಾದ ಮೇಲೆ ತೆವಳಿಕೊಂಡು ಆಕೆ ಒಂದು ಮನೆಯನ್ನು ಮುಟ್ಟಿದಳು. ಪಾದಗಳನ್ನು ವೈದ್ಯರು ಕತ್ತರಿಸಬೇಕಾಯಿತು. ಹೋಲ್ಟ್ ಜಿಲ್ಲೆಯಲ್ಲಿ ಎಟ್ಟ ಶಾಟಕ್ ಎಂಬ ಇನ್ನೊಬ್ಬ ಉಪಾಧ್ಯಾಯಿನಿ ಹುಲ್ಲಿನ ಮೆದೆಯೊಳಗೆ ಹುದುಗಿಕೊಂಡು ಭಾನುವಾರದ ವರೆಗೆ, 78 ಗಂಟೆಗಳ ಕಾಲ, ಅನ್ನನೀರಿಲ್ಲದೆ ಜೀವದಿಂದಿದ್ದಳು. ಕಾಲುಗಳನ್ನು ತೆಗೆದರೂ ಫೆಬ್ರವರಿಯಲ್ಲಿ ತೀರಿಹೋದಳು. ಡಕೋಟದಲ್ಲಿ ಮೆನೊನೈಟರ ಹುಡುಗರು ಐವರು ಶಾಲೆಯಿಂದ ಮನೆಗೆ ಹೊರಟು ದಾರಿತಪ್ಪಿ, ಭಾನುವಾರ ಹಿಮದಲ್ಲಿ ಹೆಣಗಳಾಗಿ ಸಿಕ್ಕಿದರು. ಅವರಲ್ಲಿ ಮೂವರು ಒಡಹುಟ್ಟಿದವರು. ಒಮಾಹದ ಒಂದು ಪತ್ರಿಕೆಯು ವೀರವನಿತೆಯರ ನಿಧಿಯೆಂದು ಚಂದಾ ಎತ್ತಿ ಇಂಥವರಿಗೆ ಹಂಚಿತು. ಸತ್ತವರ ಸಂಖ್ಯೆಯನ್ನು 235 ಎಂದು ಹೇಳುವುದು ವಾಡಿಕೆ. ಇನ್ನೂ ಹೆಚ್ಚೆಂದು ಹೇಳುವವರೂ ಉಂಟು. ಒಂಟಿಮನೆಗಳ ಆ ನಾಡಿನಲ್ಲಿ ಎಲ್ಲರನ್ನೂ ಎಣಿಸಿದವರಾರು?

ಈಗ ಸೂಚನೆಯ ಮಾತಿಗೆ ಹಿಂದಿರುಗೋಣ. ವುಡ್ರಫನ ಊಹೆ ತಪ್ಪಾಗಿತ್ತೆ? ಹಿಮ ಬಿದ್ದಿತು, ಗಾಳಿ ತಿರುಗಿತು, ಶೈತ್ಯ ಬಂದಿತು. ಬರೆದ ಮಾತುಗಳನ್ನು ಒಂದೊಂದಾಗಿ ತೂಗಿದರೆ ತೂಕಕ್ಕೆ ಕಡಿಮೆಯಿಲ್ಲ. ಆದರೆ ಆ ಗದ್ಯವನ್ನು ಓದಿದವನಿಗೆ, ಮಧ್ಯಾಹ್ನದಲ್ಲಿ ಒಂದು ನಿಮಿಷಕ್ಕೂ ಮುಂದಿನ ನಿಮಿಷಕ್ಕೂ ನಡುವೆ ಲೋಕವೇ ಮಾಯವಾಗುವುದೆಂದು ತೋರುತ್ತಿತ್ತೇ? ತೋರುತ್ತಿರಲಿಲ್ಲ. ಇದಕ್ಕೆ ಕಾರಣ ಆತನ ಆಲಸ್ಯವಲ್ಲ. ಎರಡು ವಾಯುರಾಶಿಗಳು ಸಂಧಿಸುವ ಗೆರೆ ಕತ್ತಿಯ ಅಲಗಿನಂತಿರುವುದೆಂಬ ಭಾವನೆಯೇ ಆಗಿನ ಶಾಸ್ತ್ರದಲ್ಲಿ ಇರಲಿಲ್ಲ. ಮೂವತ್ತು ವರ್ಷಗಳ ಬಳಿಕ, ಮೊದಲನೆಯ ಮಹಾಯುದ್ಧದ ಕಡೆಯಲ್ಲಿ, ನಾರ್ವೆಯ ಬರ್ಗೆನ್ ನಗರದಲ್ಲಿ ಬ್ಯರ್ಕ್‌ನೆಸ್ ತಂದೆಮಕ್ಕಳೂ ಅವರ ಸಂಗಡಿಗರೂ ಈ ಗೆರೆಯನ್ನು ಕಂಡು, ರಣರಂಗದ ಭಾಷೆಯನ್ನೇ ಎರವಲು ತಂದು ಅದಕ್ಕೆ "ಫ್ರಂಟ್" ಎಂದು ಹೆಸರಿಟ್ಟರು. ವುಡ್ರಫನ ನಕ್ಷೆಯಲ್ಲಿ ಸುಳಿಯಿತ್ತು, ಗೆರೆಯಿರಲಿಲ್ಲ.

ಆದರೂ ನನ್ನ ಮನಸ್ಸಿಗೆ ಮುಖ್ಯವಾಗಿ ತೋರುವ ಕೊರತೆ ಬೇರೆಯದು. ಆ ಸೂಚನೆ ಯಾರಿಗಾಗಿ ಬರೆದುದು? ರೈಲ್ವೆಯವರಿಗೆ, ದನದ ವ್ಯಾಪಾರಿಗಳಿಗೆ, ಧಾನ್ಯದ ಸಾಹುಕಾರರಿಗೆ, ಪಟ್ಟಣದ ಪತ್ರಿಕೆ ಓದುವವರಿಗೆ. ಹಿಂದಿನ ಚಳಿಗಾಲದಲ್ಲಿ, ಎಂದರೆ 1886–87ರಲ್ಲಿ, ಮೊಂಟಾನ ವಯೋಮಿಂಗುಗಳ ದನಗಳು ಮಂದೆಮಂದೆಯಾಗಿ ಸತ್ತು ದೊಡ್ಡ ಧನಿಕರು ಮುಳುಗಿದ್ದರು. ತಂತಿಯ ಕಂಬ ನಿಂತಲ್ಲಿಗೆ ಸೂಚನೆಯ ದಾರಿಯೂ ನಿಲ್ಲುತ್ತಿತ್ತು. ಮಣ್ಣಹೆಂಟೆಯ ಮನೆಗೆ ತಂತಿಯಿಲ್ಲ. ಪತ್ರಿಕೆ ಬಂದರೆ ವಾರಕ್ಕೊಮ್ಮೆ. ಬಾವುಟವನ್ನು ಹೊತ್ತಿಗೆ ಸರಿಯಾಗಿ ಏರಿಸಿದ್ದರೂ ಅದನ್ನು ನೋಡಬಲ್ಲವನು ಠಾಣ್ಯದ ಸಮೀಪದಲ್ಲಿದ್ದವನು ಮಾತ್ರ. ಅರ್ಧರಾತ್ರಿಯಲ್ಲಿ ಬರೆದ ಮಾತು ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟ ಮಗುವಿನ ತಾಯಿಯನ್ನು ಮುಟ್ಟುವ ದಾರಿಯೇ ಇರಲಿಲ್ಲ.

ಇದೇ ದಶಕದಲ್ಲಿ ನಮ್ಮ ದೇಶದಲ್ಲಿಯೂ ಒಬ್ಬ ಅಧಿಕಾರಿ ಹಿಮವನ್ನು ಅಳೆದು ಮುಂದಿನದನ್ನು ಹೇಳಲು ತೊಡಗಿದ್ದನೆಂಬುದು ಕುತೂಹಲದ ಸಂಗತಿ. ಧಾತು ಈಶ್ವರ ಸಂವತ್ಸರಗಳ ಕ್ಷಾಮವು, ಎಂದರೆ 1876–78ರ ಬರವು, ಮೈಸೂರು ಧಾರವಾಡ ವಿಜಾಪುರ ಬಳ್ಳಾರಿ ಸೀಮೆಗಳನ್ನು ಹೇಗೆ ಹಾಳುಗೆಡವಿತೆಂಬುದನ್ನು ಹಿರಿಯರಿಂದ ಕೇಳಿದ ಮನೆಗಳು ಇನ್ನೂ ಇವೆ. ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು ಹತ್ತು ಲಕ್ಷ ಜನ ನಾಶವಾದರೆಂದು ಅಂದಾಜು. 1875ರಲ್ಲಿ ಸ್ಥಾಪಿತವಾದ ಭಾರತದ ಹವಾ ಇಲಾಖೆಯ ಮೊದಲ ಅಧಿಕಾರಿ ಹೆನ್ರಿ ಬ್ಲಾನ್‌ಫೋರ್ಡನು, ಹಿಮಾಲಯದಲ್ಲಿ ಹಿಮವು ಹೆಚ್ಚಾಗಿ ಬಿದ್ದು ತಡವಾಗಿ ಕರಗಿದ ವರ್ಷ ಮುಂಗಾರು ಸೊರಗುವುದೆಂದು ಕಂಡುಕೊಂಡು, 1882ರಿಂದ ಪ್ರಾಯೋಗಿಕವಾಗಿಯೂ 1886ರಿಂದ ಕ್ರಮವಾಗಿಯೂ ಮಳೆಯ ಮುನ್ಸೂಚನೆಯನ್ನು ಹೊರಡಿಸಿದನು. ಹಿಮವೊಂದನ್ನೇ ನಂಬಿದರೆ ಸಾಲದೆಂದು ಮುಂದೆ ಗಿಲ್ಬರ್ಟ್ ವಾಕರನು ತೋರಿಸಿದ್ದು ನಿಜ. ಆದರೂ ಬಳ್ಳಾರಿಯ ಜೋಳದ ಹೊಲಕ್ಕೂ ಬದರಿಯ ಹಿಮಕ್ಕೂ ನಂಟು ಹುಡುಕಿದ ಸಾಹಸ ಸಣ್ಣದಲ್ಲ.

ಅಮೇರಿಕದಲ್ಲಿ ಅದೇ 1888ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಮೇಲೆ ಇನ್ನೊಂದು ಹಿಮಮಾರುತ ಬಿದ್ದು ನಾನೂರಕ್ಕೂ ಹೆಚ್ಚು ಜನ ಸತ್ತರು. ಆ ಬಾರಿ ಸೂಚನೆಯೇ ಸ್ವಚ್ಛವಾಗಿ ತಪ್ಪಿತ್ತು. ಆಕಾಶ ತಿಳಿಯಾಗಿರುವುದೆಂದು ಹೇಳಿದ್ದರು. ಸತ್ತವರು ರಾಜಧಾನಿಗೆ ಸಮೀಪದವರಾದುದರಿಂದ ಕೂಗು ಬೇಗ ಕೇಳಿಸಿತು. 1890ರ ಶಾಸನದಂತೆ 1891ರ ಜುಲೈ 1ರಿಂದ ಹವೆಯ ಕೆಲಸವನ್ನು ದಂಡಿನಿಂದ ಬಿಡಿಸಿ ಬೇಸಾಯದ ಇಲಾಖೆಗೆ ಸೇರಿಸಿದರು.

ಬಯಲಿನವರು ತಮ್ಮ ದಿನವನ್ನು ಮರೆಯಲಿಲ್ಲ. 1940ರಲ್ಲಿ, ಮುದುಕರಾಗಿದ್ದ ಅಂದಿನ ಶಾಲೆಯ ಮಕ್ಕಳು ಲಿಂಕನ್ ನಗರದಲ್ಲಿ ಕೂಡಿ ಜನವರಿ 12ರ ಹೆಸರಿನಲ್ಲಿಯೇ ಒಂದು ಸಂಘವನ್ನು ಕಟ್ಟಿಕೊಂಡರು. ಅವರವರ ನೆನಪುಗಳನ್ನು ಒಟ್ಟುಗೂಡಿಸಿದ ಗ್ರಂಥವು 1947ರಲ್ಲಿ ಹೊರಬಂದಿತು. ಸಂಘ ಕೂಡಿದ ವರ್ಷವೇ, ನವೆಂಬರ್ 11ರಂದು, ಬೆಚ್ಚನೆಯ ಬೆಳಗೊಂದು ಮಿಸಿಸಿಪ್ಪಿಯ ದಡದ ಬೇಟೆಗಾರರನ್ನು ತೆಳುವಾದ ಅಂಗಿಯಲ್ಲಿ ಹೊರಕ್ಕೆ ಕರೆದು, ಮಧ್ಯಾಹ್ನದೊಳಗೆ ಹಿಮಮಾರುತವಾಗಿ ತಿರುಗಿತು. ಮಿನೆಸೋಟದಲ್ಲಿ 49 ಮಂದಿಯೂ, ಎಲ್ಲ ಪ್ರಾಂತಗಳಲ್ಲಿ ಸೇರಿ ನೂರನಾಲ್ವತ್ತಕ್ಕೂ ಹೆಚ್ಚು ಮಂದಿಯೂ ಸತ್ತರು. ಆ ಕಾಲಕ್ಕೆ ಅಲ್ಲಿಯ ಹವಾಸೂಚನೆಯೆಲ್ಲವೂ ನಾನೂರು ಮೈಲಿ ದೂರದ ಶಿಕಾಗೋದಿಂದ ಬರುತ್ತಿತ್ತು. ವಿಚಾರಣೆಗಳಾದ ಮೇಲೆ, ಆ ಪ್ರಾಂತದ ಸೂಚನೆಯನ್ನು ಆ ಪ್ರಾಂತದಲ್ಲಿಯೇ ಕುಳಿತು ಬರೆಯುವ ಅಧಿಕಾರವು ಮಿನಿಯಾಪೊಲಿಸ್ ಸೇಂಟ್ ಪಾಲ್ ಅವಳಿನಗರಗಳ ಕಚೇರಿಗೆ ದೊರೆಯಿತು. ವುಡ್ರಫನು ನಕ್ಷೆಯ ಮುಂದೆ ಕುಳಿತಿದ್ದುದೂ ಆ ಊರಿನಲ್ಲಿಯೇ.